ಆ್ಯಂಟಿವೈರಸ್ ಆಫ್ ಮಾಡುವವರನ್ನು ತಡೆಯೋದು ಹೇಗೆ? ಓದುಗರ ಪ್ರಶ್ನೆಗಳಿಗೆ ಉತ್ತರ

ಕಳೆದ ಸಂಚಿಕೆಯಲ್ಲಿ, ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್ ಬಗ್ಗೆ ಬರೆದಿದ್ದೆ. ಅದನ್ನು ಓದಿ ಬರೆದವರಲ್ಲಿ ಬಹಳ ಜನರ ದೂರು ಒಂದೇ: "ಸೆಕ್ಯುರಿಟಿ ಸಾಫ್ಟ್‌ವೇರ್ ಏನೋ ಹಾಕಿದ್ದೇವೆ, ಆದರೆ ಕಂಪ್ಯೂಟರ್ ಮುಂದೆ ಕೂತವರೇ ಅದನ್ನು ಆಫ್ ಮಾಡಿಬಿಡುತ್ತಾರೆ." ಹಾಗಾಗಿ ಈ ಸಲದ ಅಂಕಣ ಪೂರ್ತಿ ಈ ವಿಷಯಕ್ಕೇ ಮೀಸಲು.

ಪ್ರಶ್ನೆ: ಮೇಡಂ, ನಮ್ಮ ಕಚೇರಿಯ ಎಲ್ಲ ಕಂಪ್ಯೂಟರ್‌ಗಳನ್ನೂ ನಾನೊಬ್ಬನೇ ನೋಡಿಕೊಳ್ಳುತ್ತೇನೆ. ಎಲ್ಲದರಲ್ಲೂ ಎಂಡ್‌ಪಾಯಿಂಟ್ ಸೆಕ್ಯುರಿಟಿ (ಪ್ರತಿ ಕಂಪ್ಯೂಟರನ್ನೂ ಕಾಯುವ ಸಾಫ್ಟ್‌ವೇರ್) ಇದೆ. ಸೆಟ್ಟಿಂಗ್ಸ್ ತೆರೆಯೋಕೆ, ಅನ್‌ಇನ್‌ಸ್ಟಾಲ್ ಮಾಡೋಕೆ ಪಾಸ್‌ವರ್ಡ್ ಇಟ್ಟಿದ್ದೇವೆ. ಆದರೂ ಕೆಲವರು ಸರ್ವೀಸ್ ನಿಲ್ಲಿಸುತ್ತಾರೆ. ಒಬ್ಬರು ರಿಜಿಸ್ಟ್ರಿಯಲ್ಲಿ (ವಿಂಡೋಸ್‌ನ ಸೆಟ್ಟಿಂಗ್ಸ್ ಉಳಿಯುವ ಜಾಗ) ಏನೋ ಬದಲಿಸಿ ಪೂರ್ತಿ ಕಿತ್ತೇ ಹಾಕಿದ್ದಾರೆ. ಕೆಲಸಕ್ಕೆ ಬೇಕು ಅಂತ ಎಲ್ಲರಿಗೂ ಲೋಕಲ್ ಅಡ್ಮಿನ್ (ತಮ್ಮ ಕಂಪ್ಯೂಟರ್‌ನಲ್ಲಿ ಏನು ಬೇಕಾದರೂ ಬದಲಿಸುವ ಹಕ್ಕು) ಕೊಟ್ಟಿದ್ದೇವೆ. ಏನು ಮಾಡಲಿ?

ಉತ್ತರ: ಕಾರಣವನ್ನು ನೀವೇ ಬರೆದಿದ್ದೀರಿ. ಎಲ್ಲರಿಗೂ ಲೋಕಲ್ ಅಡ್ಮಿನ್ ಕೊಟ್ಟ ಮೇಲೆ ಬೀಗವೂ ಅವರ ಕೈಯಲ್ಲಿ, ಬೀಗದ ಕೈಯೂ ಅವರ ಕೈಯಲ್ಲಿ. ಪಾಸ್‌ವರ್ಡ್ ಕೇಳೋದು ಆ ಸಾಫ್ಟ್‌ವೇರ್‌ನ ಕಿಟಕಿ ಮಾತ್ರ. ಅಡ್ಮಿನ್ ಆದವರು ಆ ಕಿಟಕಿ ತೆರೆಯಲೇಬೇಕಿಲ್ಲ. ಸರ್ವೀಸ್, ಫೈಲ್, ರಿಜಿಸ್ಟ್ರಿ, ಡ್ರೈವರ್ ಎಲ್ಲದಕ್ಕೂ ಅವರಿಗೆ ನೇರ ದಾರಿ ಇದೆ.

ಹಾಗಂತ ಸಾಫ್ಟ್‌ವೇರ್ ಮಾಡುವವರು ಸುಮ್ನೆ ಕೂತಿಲ್ಲ. ವಿಂಡೋಸ್ 8.1ರಿಂದ, ಅಂದರೆ 2013ರಿಂದ, ಆ್ಯಂಟಿವೈರಸ್‌ನ ಸರ್ವೀಸ್ ಅನ್ನು 'ಪ್ರೊಟೆಕ್ಟೆಡ್ ಪ್ರೊಸೆಸ್' ಆಗಿ ಓಡಿಸುವ ವ್ಯವಸ್ಥೆ ಬಂದಿದೆ. ಇದು ಹೇಗೆ ಕೆಲಸ ಮಾಡುತ್ತದೆ ಅಂತ ನೀವೇ ನೋಡಬಹುದು. ವಿಂಡೋಸ್ ಜೊತೆಗೇ ಬರುವ ಆ್ಯಂಟಿವೈರಸ್ ಆದ ಡಿಫೆಂಡರ್ ಓಡುತ್ತಿರುವ ಒಂದು ಕಂಪ್ಯೂಟರ್‌ನಲ್ಲಿ ಅಡ್ಮಿನ್ ಆಗಿ ಲಾಗಿನ್ ಆಗಿ, ಟಾಸ್ಕ್ ಮ್ಯಾನೇಜರ್ ತೆರೆಯಿರಿ. 'ಡೀಟೇಲ್ಸ್' ಟ್ಯಾಬ್‌ನಲ್ಲಿ 'ಎಂಎಸ್‌ಎಂಪಿಇಂಜಿ' ಅನ್ನೋ ಪ್ರೊಸೆಸ್ ಇರುತ್ತದೆ. ಅದರ ಮೇಲೆ 'ಎಂಡ್ ಟಾಸ್ಕ್' ಒತ್ತಿ. 'ಆ್ಯಕ್ಸೆಸ್ ಈಸ್ ಡಿನೈಡ್' ಅಂತ ಬರುತ್ತದೆ. ನೀವು ಅಡ್ಮಿನ್ ಆಗಿದ್ದೂ ಬರುತ್ತದೆ! ಆಮೇಲೆ ಸರ್ವೀಸಸ್ ಪಟ್ಟಿಗೆ ಹೋಗಿ ಡಿಫೆಂಡರ್‌ನ ಸರ್ವೀಸ್ ತೆರೆಯಿರಿ. 'ಸ್ಟಾಪ್' ಬಟನ್ ಮಸುಕಾಗಿರುತ್ತದೆ, ಒತ್ತೋಕೇ ಆಗೋದಿಲ್ಲ.

ನಿಮ್ಮ ಕಚೇರಿಯಲ್ಲಿರುವ ಸಾಫ್ಟ್‌ವೇರ್ ಬೇರೆ ಕಂಪನಿಯದ್ದಾದರೆ, ಅದಕ್ಕೂ ಈ ರಕ್ಷಣೆ ಇದೆಯಾ ಅಂತ ನೋಡಿ. ಕಮಾಂಡ್ ಪ್ರಾಂಪ್ಟ್‌ನಲ್ಲಿ 'ಎಸ್‌ಸಿ ಕ್ಯೂಪ್ರೊಟೆಕ್ಷನ್' ಅಂತ ಕೊಟ್ಟು ಮುಂದೆ ಸರ್ವೀಸ್ ಹೆಸರು ಹಾಕಿ. 'ಆ್ಯಂಟಿಮಾಲ್‌ವೇರ್ ಲೈಟ್' ಅಂತ ಉತ್ತರ ಬಂದರೆ ಇದೆ ಅಂತ ಅರ್ಥ. 'ನನ್' (ರಕ್ಷಣೆ ಇಲ್ಲ) ಅಂತ ಬಂದರೆ ಆ ಕಂಪನಿಯವರನ್ನು ಯಾಕೆ ಅಂತ ಕೇಳಿ. ಸಾಫ್ಟ್‌ವೇರ್ ಕೊಳ್ಳುವ ಮೊದಲೇ ಕೇಳಿದ್ದರೆ ಇನ್ನೂ ಒಳ್ಳೇದಿತ್ತು. ಆದರೆ ರಿನ್ಯೂವಲ್ ಸಮಯದಲ್ಲಿ ಕೇಳಿದರೂ ಅವರು ಉತ್ತರ ಕೊಡಲೇಬೇಕಾಗುತ್ತದೆ.

ಪ್ರೊಸೆಸ್ ಉಳಿದರೆ ಸಾಲದು, ಸೆಟ್ಟಿಂಗ್ಸ್ ಕೂಡ ಉಳಿಯಬೇಕು. ಡಿಫೆಂಡರ್‌ನಲ್ಲಿ ಅದಕ್ಕಾಗಿ 2019ರಲ್ಲಿ 'ಟ್ಯಾಂಪರ್ ಪ್ರೊಟೆಕ್ಷನ್' ಬಂತು. ಅದು ಆನ್ ಇದ್ದರೆ ರಿಜಿಸ್ಟ್ರಿಯಿಂದಲೋ ಪವರ್‌ಶೆಲ್‌ನಿಂದಲೋ ರಿಯಲ್‌ಟೈಮ್ ರಕ್ಷಣೆಯನ್ನು ಆಫ್ ಮಾಡಲು ಹೋದರೆ ನಡೆಯೋದಿಲ್ಲ. 'ಡಿಸೇಬಲ್ ಆ್ಯಂಟಿಸ್ಪೈವೇರ್' ಅನ್ನೋ ರಿಜಿಸ್ಟ್ರಿ ಮೌಲ್ಯವನ್ನು 1 ಮಾಡಿದರೆ ಡಿಫೆಂಡರ್ ಆಫ್ ಮಾಡೋಕೆ ಸಾಕು ಅಂತ ಇವತ್ತಿಗೂ ಎಷ್ಟೋ ಕಡೆ ಬರೆದಿರುತ್ತಾರೆ. 2020ರಲ್ಲೇ ಮೈಕ್ರೋಸಾಫ್ಟ್ ಆ ದಾರಿ ಮುಚ್ಚಿದೆ.

ಇಲ್ಲಿ ಒಂದು ವಿಷಯ ಗಮನಿಸಿ. ಟ್ಯಾಂಪರ್ ಪ್ರೊಟೆಕ್ಷನ್‌ನ ಸ್ವಿಚ್ ಎಲ್ಲಿದೆ? ಬಿಡಿ ಕಂಪ್ಯೂಟರ್ ಆದರೆ ವಿಂಡೋಸ್ ಸೆಕ್ಯುರಿಟಿ ಆ್ಯಪ್‌ನ ಒಳಗೇ ಇರುತ್ತದೆ, ಅಡ್ಮಿನ್ ಆದ ಯಾರು ಬೇಕಾದರೂ ಆಫ್ ಮಾಡಬಹುದು. ಇಂಟ್ಯೂನ್ ಥರದ ಕೇಂದ್ರ ಕನ್ಸೋಲ್‌ನಿಂದ ಆನ್ ಮಾಡಿದರೆ ಮಾತ್ರ ಆ ಸ್ವಿಚ್ ಯೂಸರ್ ಕೈಗೆ ಸಿಗೋದಿಲ್ಲ. ಬೇರೆ ಕಂಪನಿಗಳ ಸಾಫ್ಟ್‌ವೇರ್‌ನಲ್ಲೂ ಇದೇ ಕಥೆ. ಹಾಗಾಗಿ ರಕ್ಷಣೆಯ ಸ್ವಿಚ್ ಆ ಕಂಪ್ಯೂಟರ್‌ನಿಂದ ಹೊರಗಡೆ ಇರಲಿ.

ಇಷ್ಟೆಲ್ಲ ಮಾಡಿದರೂ ಅಡ್ಮಿನ್ ಹಕ್ಕು ಇರುವವರಿಗೆ ಇನ್ನೂ ದಾರಿಗಳು ಉಳಿಯುತ್ತವೆ. ಅಡ್ಮಿನ್ ಮತ್ತು ಕರ್ನಲ್ (ವಿಂಡೋಸ್‌ನ ಒಳತಿರುಳು) ನಡುವೆ ಭದ್ರತೆಯ ಗಡಿ ಇದೆ ಅಂತ ಮೈಕ್ರೋಸಾಫ್ಟ್ ಕೂಡ ಹೇಳೋದಿಲ್ಲ. ಅಡ್ಮಿನ್ ಹಕ್ಕು ಕೊಡಲಾ ಅಂತ ಕೇಳುವ ಯುಎಸಿಯ 'ಯೆಸ್/ನೋ' ಕಿಟಕಿಯನ್ನೂ ಅದು ಗಡಿ ಅಂತ ಲೆಕ್ಕಕ್ಕೆ ಹಿಡಿಯೋದಿಲ್ಲ. ಆದ್ದರಿಂದ ನಿಜವಾದ ಕೆಲಸ ಅಂದರೆ ಅಡ್ಮಿನ್ ಹಕ್ಕು ವಾಪಸ್ ತೆಗೆದುಕೊಳ್ಳೋದು.

ಒಂದೇ ದಿನ ಎಲ್ಲರದ್ದೂ ಕಿತ್ತುಕೊಳ್ಳಬೇಡಿ, ಗಲಾಟೆ ಆಗುತ್ತದೆ. ಯಾರಿಗೆ ಯಾಕೆ ಬೇಕು ಅಂತ ಮೊದಲು ಕೇಳಿ. ನನ್ನ ಅನುಭವದಲ್ಲಿ ಜಾಸ್ತಿ ಬರುವ ಉತ್ತರಗಳು ಎರಡು: ಪ್ರಿಂಟರ್ ಮತ್ತು ಯಾವುದೋ ಹಳೇ ಪ್ರೋಗ್ರಾಂ. ಪ್ರಿಂಟರ್ ಡ್ರೈವರ್‌ಗಳನ್ನು ನೀವೇ ಕೇಂದ್ರದಿಂದ ಕಳಿಸಿ. ಹಳೇ ಪ್ರೋಗ್ರಾಂ ಅಡ್ಮಿನ್ ಇಲ್ಲದೆ ಓಡೋದಿಲ್ಲ ಅಂದರೆ, ಸಾಮಾನ್ಯವಾಗಿ ಅದು ಬರೆಯಬಾರದ ಜಾಗದಲ್ಲಿ ಫೈಲ್ ಬರೆಯಲು ಹೋಗುತ್ತಿರುತ್ತದೆ. ಸಿಸ್‌ಇಂಟರ್ನಲ್ಸ್‌ನ 'ಪ್ರೊಸೆಸ್ ಮಾನಿಟರ್' ಓಡಿಸಿ, ಆ ಪ್ರೋಗ್ರಾಂ ಹೆಸರನ್ನು ಮತ್ತು 'ಆ್ಯಕ್ಸೆಸ್ ಡಿನೈಡ್' ಅನ್ನೋದನ್ನು ಫಿಲ್ಟರ್ ಹಾಕಿ. ಸಾಮಾನ್ಯ ಯೂಸರ್ ಆಗಿ ಅದನ್ನು ತೆರೆಯಿರಿ. ಪರದೆಯ ಮೇಲೆ ಬೆರಳೆಣಿಕೆಯ ಸಾಲುಗಳು ಉಳಿಯುತ್ತವೆ. ಎಷ್ಟೋ ಸಲ ಅದು ಇನ್‌ಸ್ಟಾಲ್ ಫೋಲ್ಡರ್‌ನಲ್ಲಿರುವ ಒಂದು ಡೇಟಾ ಫೈಲ್ ಅಥವಾ ಒಂದು ರಿಜಿಸ್ಟ್ರಿ ಕೀ ಆಗಿರುತ್ತದೆ. ಅಷ್ಟಕ್ಕೆ ಮಾತ್ರ ಬರೆಯುವ ಅನುಮತಿ ಕೊಡಿ. ಪ್ರೋಗ್ರಾಂ ಫೈಲ್ ಇರುವ ಇಡೀ ಫೋಲ್ಡರ್‌ಗೆ ಕೊಡಬೇಡಿ, ಆಗ ಪ್ರೋಗ್ರಾಂ ಅನ್ನೇ ಬದಲಿಸುವ ಅವಕಾಶ ಆಗುತ್ತದೆ.

ಉಳಿದ ಲೋಕಲ್ ಅಡ್ಮಿನ್ ಖಾತೆಗೆ 'ಲ್ಯಾಪ್ಸ್' ಬಳಸಿ. ಏಪ್ರಿಲ್ 2023ರಿಂದ ಅದು ವಿಂಡೋಸ್‌ನ ಒಳಗೇ ಬರುತ್ತದೆ. ಪ್ರತಿ ಕಂಪ್ಯೂಟರ್‌ಗೂ ಬೇರೆ ಬೇರೆ ಪಾಸ್‌ವರ್ಡ್ ಇಟ್ಟು, ಕಾಲಕಾಲಕ್ಕೆ ತಾನೇ ಬದಲಿಸುತ್ತದೆ. ಅನ್‌ಇನ್‌ಸ್ಟಾಲ್ ಪಾಸ್‌ವರ್ಡ್‌ಗೂ ಇದೇ ನಿಯಮ ಇರಲಿ. ಎಲ್ಲ ಕಂಪ್ಯೂಟರ್‌ಗೂ ಒಂದೇ ಪಾಸ್‌ವರ್ಡ್ ಇಟ್ಟರೆ, ಫೋನ್‌ನಲ್ಲಿ ಒಬ್ಬರಿಗೆ ಹೇಳಿದ ದಿನವೇ ಅದು ಎಲ್ಲರಿಗೂ ಗೊತ್ತಾದ ಹಾಗೆ. ನಿಮ್ಮ ಸಾಫ್ಟ್‌ವೇರ್‌ನಲ್ಲಿ ಕಂಪ್ಯೂಟರ್‌ಗೊಂದು ಟೋಕನ್ ಕೊಡುವ ಸೌಲಭ್ಯ ಇದ್ದರೆ ಇವತ್ತೇ ಅದಕ್ಕೆ ಬದಲಾಯಿಸಿ.

ಪ್ರಶ್ನೆ: ನಾನು ಸಾಫ್ಟ್‌ವೇರ್ ಡೆವಲಪರ್. ನಿಮ್ಮ ಅಂಕಣ ಓದಿದರೆ ಆ್ಯಂಟಿವೈರಸ್ ಆಫ್ ಮಾಡುವವರೆಲ್ಲ ಅಪರಾಧಿಗಳು ಅನ್ನಿಸುತ್ತದೆ. ನನ್ನ ಬಿಲ್ಡ್ (ಕೋಡ್‌ನಿಂದ ಪ್ರೋಗ್ರಾಂ ತಯಾರಿಸುವ ಕೆಲಸ) ಶುರುವಾದರೆ ಸ್ಕ್ಯಾನರ್ ಸಾವಿರಾರು ಸಣ್ಣ ಫೈಲ್‌ಗಳನ್ನು ಒಂದೊಂದಾಗಿ ನೋಡುತ್ತಾ ಕೂರುತ್ತದೆ. ಫ್ಯಾನ್ ಕಿರುಚುತ್ತದೆ. ಆ ಹೊತ್ತು ಮಾತ್ರ ಆಫ್ ಮಾಡಿಕೊಂಡರೆ ಏನು ತಪ್ಪು?

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದೇ. ಟ್ಯಾಂಪರ್ ಮಾಡುವವರಲ್ಲಿ ಬಹಳಷ್ಟು ಜನ ನಿಮ್ಮ ಥರದವರೇ. ಕೆಟ್ಟ ಉದ್ದೇಶ ಏನೂ ಇರೋದಿಲ್ಲ, ಕೆಲಸ ಮುಗಿಸಬೇಕು ಅಷ್ಟೇ. ಇದನ್ನು ಐಟಿಯವರು ಒಪ್ಪಿಕೊಳ್ಳದೆ ಬರೀ ಬಿಗಿ ಮಾಡುತ್ತಾ ಹೋದರೆ ನೀವು ಇನ್ನೊಂದು ದಾರಿ ಹುಡುಕುತ್ತೀರಿ, ಅಲ್ವಾ?

ಆದರೆ ಪೂರ್ತಿ ಆಫ್ ಮಾಡೋದು ಬೇಡ. ಕಾರಣ ಹೇಳುತ್ತೇನೆ. ಬಿಲ್ಡ್ ನಡೆಯುವಾಗಲೇ ನಿಮ್ಮ ಕಂಪ್ಯೂಟರ್ ಹೊರಗಿನಿಂದ ಪ್ಯಾಕೇಜ್‌ಗಳನ್ನು ಇಳಿಸಿಕೊಳ್ಳುತ್ತದೆ. ಅವುಗಳ ಇನ್‌ಸ್ಟಾಲ್ ಸ್ಕ್ರಿಪ್ಟ್‌ಗಳು ನಿಮ್ಮ ಹೆಸರಿನಲ್ಲೇ ಓಡುತ್ತವೆ. ಅಪಾಯ ಜಾಸ್ತಿ ಇರುವ ಹೊತ್ತಿಗೇ ಕಾವಲು ಇಲ್ಲದ ಹಾಗೆ ಆಗುತ್ತದೆ.

ಐಟಿಯವರ ಹತ್ತಿರ ಹೋಗುವಾಗ ಬರೀ ದೂರು ಬೇಡ, ಅಳತೆ ಇಟ್ಟುಕೊಂಡು ಹೋಗಿ. ಡಿಫೆಂಡರ್ ಆದರೆ ಪವರ್‌ಶೆಲ್‌ನಲ್ಲಿ 'ಎಂಪಿ ಪರ್ಫಾರ್ಮೆನ್ಸ್ ರೆಕಾರ್ಡಿಂಗ್' ಅನ್ನೋ ಸಾಧನ ಇದೆ. ರೆಕಾರ್ಡಿಂಗ್ ಶುರು ಮಾಡಿ, ಬಿಲ್ಡ್ ಓಡಿಸಿ, ನಿಲ್ಲಿಸಿ. ಆಮೇಲೆ ವರದಿ ಕೇಳಿದರೆ ಯಾವ ಪ್ರೊಸೆಸ್, ಯಾವ ಫೋಲ್ಡರ್, ಯಾವ ಬಗೆಯ ಫೈಲ್ ಮೇಲೆ ಸ್ಕ್ಯಾನರ್ ಎಷ್ಟು ಹೊತ್ತು ಕಳೆಯಿತು ಅಂತ ಸಾಲಾಗಿ ಬರುತ್ತದೆ. ಅದನ್ನು ಓಡಿಸೋಕೆ ಅಡ್ಮಿನ್ ಬೇಕು, ಐಟಿಯವರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಮಾಡಿ. ಆ ವರದಿ ನೋಡಿದ ಮೇಲೆ ವಾದ ಅರ್ಧ ಮುಗಿದಿರುತ್ತದೆ. ವಿಂಡೋಸ್ 11ರಲ್ಲಿ 2023ರಿಂದ 'ಡೆವ್ ಡ್ರೈವ್' ಅನ್ನೋ ಬೇರೆ ಡ್ರೈವ್ ಮಾಡಿಕೊಳ್ಳಬಹುದು. ಅದರಲ್ಲಿ ಫೈಲ್ ತೆರೆಯುವಾಗ ಸ್ಕ್ಯಾನ್ ಮುಗಿಯುವ ತನಕ ಕಾಯಿಸೋದಿಲ್ಲ. ಫೈಲ್ ತೆರೆದುಕೊಳ್ಳುತ್ತದೆ, ಸ್ಕ್ಯಾನ್ ಹಿಂದಿನಿಂದ ನಡೆಯುತ್ತದೆ. ನಿಮ್ಮ ತೊಂದರೆಗೆ ಹೇಳಿ ಮಾಡಿಸಿದ ಪರಿಹಾರ.

ಐಟಿಯವರಿಗೂ ಒಂದು ಮಾತು. ಎಕ್ಸ್‌ಕ್ಲೂಷನ್ (ಇದನ್ನು ಸ್ಕ್ಯಾನ್ ಮಾಡಬೇಡ ಅನ್ನೋ ವಿನಾಯಿತಿ) ಕೊಡುವಾಗ ಕನ್ಸೋಲ್‌ನಿಂದಲೇ ಕೊಡಿ, ಯೂಸರ್ ತಾನೇ ಸೇರಿಸುವ ಹಾಗೆ ಬಿಡಬೇಡಿ. ಇಡೀ ಸಿ ಡ್ರೈವನ್ನೇ ಎಕ್ಸ್‌ಕ್ಲೂಷನ್‌ಗೆ ಹಾಕಿಕೊಂಡ ಕಂಪ್ಯೂಟರ್‌ಗಳನ್ನು ನಾನು ನೋಡಿದ್ದೇನೆ. ಸರ್ವೀಸ್ ಓಡುತ್ತಿರುತ್ತದೆ. ಐಕಾನ್ ಹಸಿರಾಗಿರುತ್ತದೆ. ಅಪ್‌ಡೇಟ್ ಕೂಡ ಆಗಿರುತ್ತದೆ. ಆದರೆ ಆ ಡ್ರೈವ್‌ನಲ್ಲಿ ಏನನ್ನೂ ಸ್ಕ್ಯಾನ್ ಮಾಡುತ್ತಿರೋದಿಲ್ಲ. ಆಫ್ ಮಾಡಿದ್ದರೆ ಕನ್ಸೋಲ್‌ನಲ್ಲಾದರೂ ಕೆಂಪು ಬರುತ್ತಿತ್ತು. ಡಿಫೆಂಡರ್‌ನಲ್ಲಿ 'ಡಿಸೇಬಲ್ ಲೋಕಲ್ ಅಡ್ಮಿನ್ ಮರ್ಜ್' ಅನ್ನೋ ಸೆಟ್ಟಿಂಗ್ ಇದೆ. ಅದನ್ನು ಆನ್ ಮಾಡಿದರೆ ಲೋಕಲ್ ಆಗಿ ಸೇರಿಸಿದ ಎಕ್ಸ್‌ಕ್ಲೂಷನ್‌ಗಳು ಲೆಕ್ಕಕ್ಕೇ ಬರೋದಿಲ್ಲ. ಈ ಅಂಕಣದಿಂದ ಒಂದೇ ಒಂದು ಸೆಟ್ಟಿಂಗ್ ಬದಲಿಸುವುದಾದರೆ ಇದನ್ನು ಬದಲಿಸಿ.

ಪ್ರಶ್ನೆ: ನಮ್ಮ ಕಾಲೇಜು ಲ್ಯಾಬ್‌ನಲ್ಲಿ ವಿದ್ಯಾರ್ಥಿಗಳಿಗೆ ಅಡ್ಮಿನ್ ಕೊಟ್ಟಿಲ್ಲ. ಆದರೂ ಕೆಲವರು ಪೆನ್‌ಡ್ರೈವ್‌ನಿಂದ ಲಿನಕ್ಸ್ ಬೂಟ್ ಮಾಡಿ ಆ್ಯಂಟಿವೈರಸ್‌ನ ಫೋಲ್ಡರ್ ಹೆಸರನ್ನೇ ಬದಲಿಸಿದ್ದಾರೆ. ವಿಂಡೋಸ್ ಮತ್ತೆ ಶುರುವಾದಾಗ ರಕ್ಷಣೆಯೇ ಇಲ್ಲ!

ಉತ್ತರ: ಚುರುಕಿನ ಮಕ್ಕಳು. ಅವರಿಗೆ ಬೇರೆ ಒಳ್ಳೇ ಕೆಲಸ ಕೊಡಿ, ನಿಜವಾಗಿ ಹೇಳುತ್ತಿದ್ದೇನೆ.

ವಿಂಡೋಸ್ ಹಾಕುವ ಯಾವ ಅನುಮತಿಯಾದರೂ ವಿಂಡೋಸ್ ಓಡುತ್ತಿರುವಾಗ ಮಾತ್ರ ನಡೆಯುತ್ತದೆ. ಬೇರೆ ಓಎಸ್‌ಗೆ ಅದು ಬರೀ ಡಿಸ್ಕ್. ಇದಕ್ಕೆ ಮದ್ದು ಡಿಸ್ಕ್ ಎನ್‌ಕ್ರಿಪ್ಷನ್. ವಿಂಡೋಸ್‌ನದ್ದೇ ಆದ ಬಿಟ್‌ಲಾಕರ್ ಆನ್ ಮಾಡಿದರೆ ಹೊರಗಿನ ಓಎಸ್‌ಗೆ ಡಿಸ್ಕ್‌ನಲ್ಲಿ ಅರ್ಥವಾಗದ ಬೈಟ್‌ಗಳು ಬಿಟ್ಟು ಏನೂ ಕಾಣೋದಿಲ್ಲ. ಜೊತೆಗೆ ಯುಇಎಫ್‌ಐಗೆ (ಓಎಸ್‌ಗೂ ಮೊದಲು ಓಡಿ ಕಂಪ್ಯೂಟರ್ ಶುರು ಮಾಡುವ ಪ್ರೋಗ್ರಾಂ) ಪಾಸ್‌ವರ್ಡ್ ಇಡಿ, ಯುಎಸ್‌ಬಿ ಬೂಟ್ ಆಫ್ ಮಾಡಿ, ಸೆಕ್ಯೂರ್ ಬೂಟ್ (ಒಪ್ಪಿದ ಡಿಜಿಟಲ್ ಸಹಿ ಇರುವುದನ್ನು ಮಾತ್ರ ಬೂಟ್ ಆಗಲು ಬಿಡುವ ಸೌಲಭ್ಯ) ಆನ್ ಇರಲಿ. ಸೆಕ್ಯೂರ್ ಬೂಟ್ ಒಂದೇ ಸಾಕು ಅಂದುಕೊಳ್ಳಬೇಡಿ. ಸಹಿ ಇರುವ ಲಿನಕ್ಸ್‌ಗಳು ಅದು ಆನ್ ಇದ್ದರೂ ಬೂಟ್ ಆಗುತ್ತವೆ.

ಸೇಫ್ ಮೋಡ್ (ದುರಸ್ತಿಗೆ ಅಂತ ತೀರಾ ಅಗತ್ಯದ್ದನ್ನು ಮಾತ್ರ ಓಡಿಸಿ ವಿಂಡೋಸ್ ಶುರು ಮಾಡೋದು) ಕೂಡ ಇದೇ ಜಾತಿಯ ತೊಂದರೆ. ಸೇಫ್ ಮೋಡ್‌ನಲ್ಲಿ ಹೊರಗಿನ ಕಂಪನಿಗಳ ಸರ್ವೀಸ್‌ಗಳು ಬಹುಪಾಲು ಶುರುವಾಗೋದೇ ಇಲ್ಲ. ದಾಳಿ ಮಾಡುವವರಿಗೂ ಇದು ಗೊತ್ತು. 2019ರಲ್ಲಿ ಸ್ನ್ಯಾಚ್ ಅನ್ನೋ ರ‍್ಯಾನ್ಸಮ್‌ವೇರ್ ಕಂಪ್ಯೂಟರನ್ನು ಸೇಫ್ ಮೋಡ್‌ಗೆ ರೀಬೂಟ್ ಮಾಡಿ, ಅಲ್ಲಿ ನಿಶ್ಚಿಂತೆಯಿಂದ ಫೈಲ್‌ಗಳನ್ನು ಎನ್‌ಕ್ರಿಪ್ಟ್ ಮಾಡಿತ್ತು. ನಿಮ್ಮ ಸಾಫ್ಟ್‌ವೇರ್ ಸೇಫ್ ಮೋಡ್‌ನಲ್ಲೂ ಓಡುತ್ತದಾ ಅಂತ ಒಂದು ಕಂಪ್ಯೂಟರ್‌ನಲ್ಲಿ ಹಾಗೇ ಬೂಟ್ ಮಾಡಿ ನೋಡಿ. 'ಸೇಫ್ ಮೋಡ್ ಬ್ಲಾಕ್ ನಾನ್ ಅಡ್ಮಿನ್ಸ್' ಅನ್ನೋ ರಿಜಿಸ್ಟ್ರಿ ಮೌಲ್ಯವನ್ನು 1 ಮಾಡಿದರೆ ಸಾಮಾನ್ಯ ಯೂಸರ್‌ಗಳು ಸೇಫ್ ಮೋಡ್‌ನಲ್ಲಿ ಲಾಗಿನ್ ಆಗೋಕೆ ಆಗೋದಿಲ್ಲ. ಲ್ಯಾಬ್‌ಗೆ ಇದು ಬಹಳ ಉಪಯೋಗ.

ಬಿಟ್‌ಲಾಕರ್‌ನ 48 ಅಂಕಿಯ ರಿಕವರಿ ಕೀ ಎಲ್ಲಿ ಸೇವ್ ಆಗಿದೆ ಅನ್ನೋದನ್ನೂ ನೋಡಿ. ಕೆಲವು ಕಡೆ ಯೂಸರ್ ತನ್ನ ಖಾತೆಯ ಪುಟಕ್ಕೆ ಹೋದರೆ ಅಲ್ಲೇ ಕೀ ಕಾಣಿಸುತ್ತದೆ. ಅದು ಕಾಣದ ಹಾಗೆ ಮಾಡುವ ಆಯ್ಕೆ ಅಡ್ಮಿನ್ ಪುಟದಲ್ಲಿದೆ.

ಪ್ರಶ್ನೆ: ನನ್ನ ಮಗ ಗೇಮ್‌ಗಳ ಕ್ರ್ಯಾಕ್ ಹಾಕಿಕೊಳ್ಳೋಕೆ ಆ್ಯಂಟಿವೈರಸ್ ಆಫ್ ಮಾಡುತ್ತಾನೆ. ನನಗೆ ಕಂಪ್ಯೂಟರ್ ಅಷ್ಟಾಗಿ ಗೊತ್ತಿಲ್ಲ ಮೇಡಂ.

ಉತ್ತರ: ಎರಡು ಕೆಲಸ ಮಾಡಿ, ಸಾಕು. ಮಗನಿಗೆ ಬೇರೆ ಖಾತೆ ಮಾಡಿಕೊಡಿ, ಅದು 'ಸ್ಟ್ಯಾಂಡರ್ಡ್ ಯೂಸರ್' ಆಗಿರಲಿ. ಅಡ್ಮಿನ್ ಖಾತೆಯ ಪಾಸ್‌ವರ್ಡ್ ನಿಮ್ಮ ಹತ್ತಿರ ಮಾತ್ರ ಇರಲಿ. ಆಮೇಲೆ ವಿಂಡೋಸ್ ಸೆಕ್ಯುರಿಟಿಯಲ್ಲಿ ಟ್ಯಾಂಪರ್ ಪ್ರೊಟೆಕ್ಷನ್ ಆನ್ ಇದೆಯಾ ನೋಡಿ. ಮತ್ತೆ ಮಗನ ಜೊತೆ ಕೂತು ಮಾತಾಡಿ. "ಇನ್‌ಸ್ಟಾಲ್ ಮಾಡುವ ಮೊದಲು ಆ್ಯಂಟಿವೈರಸ್ ಆಫ್ ಮಾಡಿ" ಅಂತ ಯಾವ ಪ್ರೋಗ್ರಾಂ ಕೇಳುತ್ತದೋ ಅದು ಪಾಸ್‌ವರ್ಡ್ ಕದಿಯುವ ಪ್ರೋಗ್ರಾಂ ಆಗಿರುವ ಸಾಧ್ಯತೆ ಜಾಸ್ತಿ. ಅವನ ಗೇಮ್ ಖಾತೆಯೇ ಮೊದಲು ಹೋಗಬಹುದು. ಈ ಮಾತು ಅವನಿಗೆ ಬೇಗ ತಟ್ಟುತ್ತದೆ.

ಪ್ರಶ್ನೆ: ಸಹಿ ಇರುವ ಒಳ್ಳೇ ಕಂಪನಿಯ ಡ್ರೈವರನ್ನೇ ಬಳಸಿ ಆ್ಯಂಟಿವೈರಸ್ ಕೊಲ್ಲುತ್ತಾರೆ ಅಂತ ಕೇಳಿದೆ. ಪ್ರೊಟೆಕ್ಟೆಡ್ ಪ್ರೊಸೆಸ್ ಇದ್ದರೂ ಇದು ಹೇಗೆ ಸಾಧ್ಯ?

ಉತ್ತರ: ಸಾಧ್ಯ. ಪ್ರೊಟೆಕ್ಟೆಡ್ ಪ್ರೊಸೆಸ್ ಅನ್ನು ಕಾಯೋದು ಕರ್ನಲ್. ಡ್ರೈವರ್ ಓಡೋದೂ ಕರ್ನಲ್‌ನಲ್ಲೇ. ಹಳೇ ಡ್ರೈವರ್‌ನಲ್ಲಿ 'ಯಾವ ಮೆಮೊರಿಗೆ ಬೇಕಾದರೂ ಬರೆ' ಅನ್ನೋ ಥರದ ದೋಷ ಇದ್ದರೆ, ಅದರ ಮೂಲಕ ಆ ಕಾವಲನ್ನೇ ತೆಗೆದುಹಾಕಬಹುದು. ಡ್ರೈವರ್‌ಗೆ ಸರಿಯಾದ ಸಹಿ ಇರುವುದರಿಂದ ವಿಂಡೋಸ್ ಅದನ್ನು ಒಳಗೆ ಬಿಡುತ್ತದೆ. 2019ರಲ್ಲಿ ಬೆಳಕಿಗೆ ಬಂದ ರಾಬಿನ್‌ಹುಡ್ ರ‍್ಯಾನ್ಸಮ್‌ವೇರ್ ಹೀಗೇ ಮಾಡಿತ್ತು. ಒಂದು ಮದರ್‌ಬೋರ್ಡ್ ಕಂಪನಿಯ ಹಳೇ ಡ್ರೈವರನ್ನು ಜೊತೆಗೇ ತಂದು, ಅದರ ದೋಷ ಬಳಸಿ ಸೆಕ್ಯುರಿಟಿ ಸಾಫ್ಟ್‌ವೇರ್‌ಗಳನ್ನು ಕೊಂದು, ಆಮೇಲೆ ತನ್ನ ಕೆಲಸ ಶುರು ಮಾಡಿತ್ತು.

ತಡೆಯೋಕೆ 'ಮೆಮೊರಿ ಇಂಟೆಗ್ರಿಟಿ' ಆನ್ ಮಾಡಿ. ಮೈಕ್ರೋಸಾಫ್ಟ್ ಇಟ್ಟಿರುವ ದೋಷಪೂರಿತ ಡ್ರೈವರ್‌ಗಳ ತಡೆಪಟ್ಟಿ ವಿಂಡೋಸ್ 11ರ 2022ರ ಅಪ್‌ಡೇಟ್‌ನಿಂದ ತಾನಾಗೇ ಆನ್ ಇರುತ್ತದೆ. ಯಾವುದೋ ಹಳೇ ಯಂತ್ರಕ್ಕೋಸ್ಕರ ಯಾರಾದರೂ ಆಫ್ ಮಾಡಿದ್ದಾರಾ ಅಂತ ಪರಿಶೀಲಿಸಿ. ಮೊದಲ ಪ್ರಶ್ನೆಯವರಿಗೆ ಹೇಳಿದ್ದು ಇಲ್ಲಿಗೂ ಬಂತು ನೋಡಿ: ಡ್ರೈವರ್ ಲೋಡ್ ಮಾಡೋಕೂ ಅಡ್ಮಿನ್ ಹಕ್ಕೇ ಬೇಕು.

ಪ್ರಶ್ನೆ: ಲಿನಕ್ಸ್ ಸರ್ವರ್‌ಗಳಲ್ಲಿ ರೂಟ್ (ಲಿನಕ್ಸ್‌ನ ಅಡ್ಮಿನ್ ಹಕ್ಕು) ಇರುವವರಿಂದ ಏಜೆಂಟನ್ನು (ಸೆಕ್ಯುರಿಟಿ ಸಾಫ್ಟ್‌ವೇರನ್ನು) ಕಾಪಾಡೋದು ಹೇಗೆ? ಮ್ಯಾಕ್‌ನಲ್ಲಿ?

ಉತ್ತರ: ಪೂರ್ತಿ ರೂಟ್ ಕೊಟ್ಟ ಮೇಲೆ ಕಾಪಾಡೋದು ಕಷ್ಟ. 'ಚ್ಯಾಟ್ರ್ ಪ್ಲಸ್ ಐ' ಹಾಕಿ ಫೈಲ್ ಲಾಕ್ ಮಾಡುತ್ತಾರೆ, ರೂಟ್ ಇರುವವರು 'ಮೈನಸ್ ಐ' ಹಾಕಿ ತೆಗೆಯುತ್ತಾರೆ. ಹಾಗಾಗಿ ಸುಡೋದಲ್ಲಿ (ರೂಟ್ ಆಗಿ ಕಮಾಂಡ್ ಓಡಿಸೋಕೆ ಬಿಡುವ ಸಾಧನ) ಬೇಕಾದ ಕಮಾಂಡ್‌ಗಳನ್ನು ಮಾತ್ರ ಕೊಡಿ. ಎಡಿಟರ್‌ಗಳನ್ನು ಕೊಡಬೇಡಿ. ಸುಡೋ ಮೂಲಕ 'ವಿಐ' ತೆರೆದವರಿಗೆ ಅದರ ಒಳಗಿಂದಲೇ ರೂಟ್ ಶೆಲ್ ಸಿಗುತ್ತದೆ. ಡಾಕರ್ ಗುಂಪಿಗೆ ಸೇರಿಸೋದೂ ರೂಟ್ ಕೊಟ್ಟಂತೆಯೇ, ಇದನ್ನು ಬಹಳ ಜನ ಮರೆಯುತ್ತಾರೆ. ಆಡಿಟ್ ನಿಯಮಗಳ ಕೊನೆಗೆ 'ಮೈನಸ್ ಇ 2' ಹಾಕಿದರೆ ರೀಬೂಟ್ ಆಗುವ ತನಕ ರೂಟ್ ಕೂಡ ಆ ನಿಯಮ ಬದಲಿಸೋಕೆ ಆಗೋದಿಲ್ಲ. ಲಾಗ್‌ಗಳನ್ನು ಆಗಿಂದಾಗ ಬೇರೆ ಸರ್ವರ್‌ಗೆ ಕಳಿಸಿ. ಏಜೆಂಟ್ ನಿಲ್ಲಿಸಿದ ದಾಖಲೆಯಾದರೂ ನಿಮ್ಮ ಹತ್ತಿರ ಉಳಿಯುತ್ತದೆ.

ಮ್ಯಾಕ್‌ನಲ್ಲಿ 2015ರಿಂದ ಬಂದ ಸಿಸ್ಟಮ್ ಇಂಟೆಗ್ರಿಟಿ ಪ್ರೊಟೆಕ್ಷನ್ ಆನ್ ಇರಲಿ. ಏಜೆಂಟ್‌ನ ಸಿಸ್ಟಮ್ ಎಕ್ಸ್‌ಟೆನ್ಷನ್ ತೆಗೆಯಲಾಗದ ಹಾಗೆ ಎಂಡಿಎಂನಿಂದ (ಸಾಧನಗಳನ್ನು ಕೇಂದ್ರದಿಂದ ನಿರ್ವಹಿಸುವ ವ್ಯವಸ್ಥೆ) ಹೊಂದಿಸಿ.

ಪ್ರಶ್ನೆ: ಎಲ್ಲ ಬಿಗಿ ಮಾಡಿದ್ದೇವೆ. ಆದರೂ ಯಾರಾದರೂ ಟ್ಯಾಂಪರ್ ಮಾಡಿದರೆ ನಮಗೆ ಗೊತ್ತಾಗೋದು ಹೇಗೆ? ಏಜೆಂಟೇ ಸತ್ತ ಮೇಲೆ ಅಲರ್ಟ್ ಕಳಿಸೋದು ಯಾರು?

ಉತ್ತರ: ಬಹಳ ಒಳ್ಳೇ ಪ್ರಶ್ನೆ. ಜನ ಅಲರ್ಟ್ ಬರೋದನ್ನೇ ಕಾಯುತ್ತಾರೆ. ಟ್ಯಾಂಪರ್ ಆದ ಕಂಪ್ಯೂಟರ್‌ನಿಂದ ಅಲರ್ಟ್ ಬರೋದಿಲ್ಲ, ಬರುತ್ತಿದ್ದ ಸುದ್ದಿಯೂ ನಿಂತುಹೋಗುತ್ತದೆ. ಹಾಗಾಗಿ ಮೌನವನ್ನೇ ಹುಡುಕಬೇಕು.

ನಾನು ಮಾಡುವ ಕ್ರಮ ಇದು. ಸೆಕ್ಯುರಿಟಿ ಕನ್ಸೋಲ್‌ನಿಂದ ಕಂಪ್ಯೂಟರ್‌ಗಳ ಪಟ್ಟಿ ಇಳಿಸಿಕೊಳ್ಳುತ್ತೇನೆ, 'ಲಾಸ್ಟ್ ಸೀನ್' ದಿನಾಂಕದ ಸಮೇತ. ಆ ಸಾಫ್ಟ್‌ವೇರ್‌ಗೆ ಸಂಬಂಧವೇ ಇಲ್ಲದ ಜಾಗದಿಂದ ಇನ್ನೊಂದು ಪಟ್ಟಿ ತರುತ್ತೇನೆ. ಡೈರೆಕ್ಟರಿಯ ಲಾಗಿನ್ ದಾಖಲೆ ಆಗಬಹುದು, ನೆಟ್‌ವರ್ಕ್ ವಿಳಾಸ ಹಂಚುವ ಡಿಎಚ್‌ಸಿಪಿ ಸರ್ವರ್ ಆಗಬಹುದು, ವಿಪಿಎನ್ ಲಾಗ್ ಆಗಬಹುದು. ಎರಡನ್ನೂ ಸ್ಪ್ರೆಡ್‌ಶೀಟ್‌ನಲ್ಲಿ ಅಕ್ಕಪಕ್ಕ ಇಟ್ಟು ಕಂಪ್ಯೂಟರ್ ಹೆಸರಿನಿಂದ ಹೊಂದಿಸುತ್ತೇನೆ. ಮೊದಲು ಕಣ್ಣಿಗೆ ಬೀಳೋದು ಕನ್ಸೋಲ್‌ನಲ್ಲಿ ಹೆಸರೇ ಇಲ್ಲದ ಕಂಪ್ಯೂಟರ್‌ಗಳು. ಅವುಗಳಲ್ಲಿ ಏಜೆಂಟನ್ನು ಯಾವತ್ತೂ ಹಾಕೇ ಇರೋದಿಲ್ಲ, ಇಲ್ಲವೇ ಪೂರ್ತಿ ಕಿತ್ತು ಹಾಕಿರುತ್ತಾರೆ. ಆಮೇಲೆ ಸಿಗೋದು ಇನ್ನೂ ಮುಖ್ಯವಾದವು: ಇವತ್ತು ಬೆಳಿಗ್ಗೆ ಲಾಗಿನ್ ಆಗಿದೆ, ಆದರೆ ಏಜೆಂಟ್ ಕೊನೇ ಸಲ ಕಂಡಿದ್ದು ಹೋದ ತಿಂಗಳು. ರಜೆಯ ಮೇಲೆ ಹೋದವರ ಲ್ಯಾಪ್‌ಟಾಪ್ ಎರಡೂ ಪಟ್ಟಿಯಲ್ಲಿ ಸುಮ್ಮನಿರುತ್ತದೆ, ಅದರ ಚಿಂತೆ ಬೇಡ. ಒಂದರಲ್ಲಿ ಜೀವ ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಎದ್ದು ಹೋಗಿ ನೋಡಲೇಬೇಕು.

ನೋಡೋಕೆ ಹೋದಾಗ ಟ್ರೇನಲ್ಲಿರುವ ಹಸಿರು ಐಕಾನ್ ನಂಬಬೇಡಿ. ಪ್ರೊಸೆಸ್ ಮುಟ್ಟದೆ ಅದರ ನೆಟ್‌ವರ್ಕ್ ಮಾತ್ರ ಕಡಿಯುವ ಉಪಾಯಗಳಿವೆ. ಹೋಸ್ಟ್ಸ್ ಫೈಲ್‌ನಲ್ಲಿ ಸರ್ವರ್ ವಿಳಾಸ ತಿರುಗಿಸೋದು ಹಳೇ ಉಪಾಯ. ವಿಂಡೋಸ್ ಫಿಲ್ಟರಿಂಗ್ ಪ್ಲಾಟ್‌ಫಾರ್ಮ್‌ನಲ್ಲಿ ನಿಯಮ ಹಾಕಿ ಏಜೆಂಟ್‌ನ ಹೊರಹೋಗುವ ಸಂಪರ್ಕ ಮುಚ್ಚೋದು ಹೊಸದು. ಇಡಿಆರ್‌ಸೈಲೆನ್ಸರ್ ಅನ್ನೋ ಸಾಧನ ಇದನ್ನೇ ಮಾಡುತ್ತದೆ. ಆಗ ಕಂಪ್ಯೂಟರ್‌ನ ಮುಂದೆ ಕೂತು ನೋಡಿದರೆ ಎಲ್ಲ ಸರಿ ಇದೆ ಅನ್ನಿಸುತ್ತದೆ, ಕನ್ಸೋಲ್‌ಗೆ ಮಾತ್ರ ಏನೂ ತಲುಪುತ್ತಿರೋದಿಲ್ಲ.

ಇವೆಂಟ್ ಲಾಗ್‌ಗಳನ್ನೂ ಕೇಂದ್ರಕ್ಕೆ ತರಿಸಿಕೊಳ್ಳಿ. ಡಿಫೆಂಡರ್‌ನ ಲಾಗ್‌ನಲ್ಲಿ 5001 ಬಂದರೆ ರಿಯಲ್‌ಟೈಮ್ ರಕ್ಷಣೆ ಆಫ್ ಆಗಿದೆ. 5007 ಅಂದರೆ ಸೆಟ್ಟಿಂಗ್ಸ್ ಬದಲಾಗಿದೆ, ಎಕ್ಸ್‌ಕ್ಲೂಷನ್ ಸೇರಿಸಿದರೂ ಇದೇ ಬರುತ್ತದೆ. 5013 ಅಂದರೆ ಯಾರೋ ಬದಲಿಸೋಕೆ ಹೋಗಿ ಟ್ಯಾಂಪರ್ ಪ್ರೊಟೆಕ್ಷನ್ ತಡೆದಿದೆ. ಸಿಸ್ಟಮ್ ಲಾಗ್‌ನ 7040 ಸರ್ವೀಸ್‌ನ ಸ್ಟಾರ್ಟ್ ಬಗೆ ಬದಲಾಗಿದ್ದನ್ನು ಹೇಳುತ್ತದೆ, 7045 ಹೊಸ ಸರ್ವೀಸ್ ಅಥವಾ ಡ್ರೈವರ್ ಸೇರಿದ್ದನ್ನು ಹೇಳುತ್ತದೆ. ಸೆಕ್ಯುರಿಟಿ ಲಾಗ್‌ನ 4732 ಲೋಕಲ್ ಗುಂಪಿಗೆ ಯಾರನ್ನೋ ಸೇರಿಸಿದ್ದಕ್ಕೆ, 1102 ಲಾಗ್ ಅಳಿಸಿದ್ದಕ್ಕೆ. ನನಗೆ ಇವುಗಳಲ್ಲಿ 5013 ಬಹಳ ಬೆಲೆಬಾಳುವದ್ದು ಅನ್ನಿಸುತ್ತದೆ. ರಕ್ಷಣೆ ಉಳಿದಿದೆ, ಪ್ರಯತ್ನವೂ ದಾಖಲಾಗಿದೆ, ಇನ್ನೂ ಸಮಯ ಇದೆ.

ಯಾರದ್ದೋ ಹೆಸರು ಸಿಕ್ಕಿತು ಅಂತ ತಕ್ಷಣ ಬೈಯೋಕೆ ಹೋಗಬೇಡಿ. ಕಂಪ್ಯೂಟರನ್ನು ನೆಟ್‌ವರ್ಕ್‌ನಿಂದ ಬೇರೆ ಮಾಡಿ, ಆಮೇಲೆ "ಇದನ್ನು ನೀವು ಮಾಡಿದ್ದಾ?" ಅಂತ ನೇರವಾಗಿ ಕೇಳಿ. "ಹೌದು, ನಿಧಾನ ಆಗ್ತಿತ್ತು" ಅಂದರೆ ನಿಧಾನಕ್ಕೆ ಕಾರಣ ಹುಡುಕಿ. "ಇಲ್ಲ, ನನಗೆ ಗೊತ್ತೇ ಇಲ್ಲ" ಅಂದರೆ ಅದು ತುಂಬಾ ಗಂಭೀರ. ಅವರ ಖಾತೆ ಬಳಸಿ ಬೇರೆ ಯಾರೋ ಒಳಗಿದ್ದಾರೆ ಅಂದುಕೊಂಡೇ ಮುಂದಿನ ಹೆಜ್ಜೆ ಇಡಿ. ಬೈಯುವ ಅಭ್ಯಾಸ ಇರುವ ಕಚೇರಿಯಲ್ಲಿ ಎಲ್ಲರೂ "ಇಲ್ಲ" ಅಂತಲೇ ಹೇಳುತ್ತಾರೆ. ಆಗ ಈ ಎರಡನ್ನೂ ಬೇರೆ ಮಾಡೋಕೆ ನಿಮಗೆ ಆಗೋದಿಲ್ಲ.

ಪ್ರಶ್ನೆ: ಇಷ್ಟು ಬಿಗಿ ಮಾಡಿದ ಮೇಲೆ ಏಜೆಂಟೇ ಕೆಟ್ಟರೆ? ನಾವೇ ಅದನ್ನು ತೆಗೆಯೋಕೆ ಆಗದೆ ಒದ್ದಾಡೋದಿಲ್ವಾ?

ಉತ್ತರ: ಆ ಭಯ ಸರಿಯಾದದ್ದೇ. 2024ರ ಜುಲೈ 19ರಂದು ಸೆಕ್ಯುರಿಟಿ ಸಾಫ್ಟ್‌ವೇರ್ ಕಂಪನಿ ಕ್ರೌಡ್‌ಸ್ಟ್ರೈಕ್‌ನ ಒಂದು ದೋಷಪೂರಿತ ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ನೀಲಿ ಪರದೆಯಲ್ಲಿ ನಿಂತವು ಅಂತ ಮೈಕ್ರೋಸಾಫ್ಟ್ ಅಂದಾಜು ಮಾಡಿತು. ಬಹಳ ಕಡೆ ಒಬ್ಬೊಬ್ಬರು ಒಂದೊಂದು ಕಂಪ್ಯೂಟರ್ ಮುಂದೆ ನಿಂತು, ಸೇಫ್ ಮೋಡ್‌ಗೋ ರಿಕವರಿ ಪರದೆಗೋ ಹೋಗಿ, ಒಂದು ಫೈಲ್ ಅಳಿಸಬೇಕಾಯಿತು. ಬಿಟ್‌ಲಾಕರ್ ಇದ್ದ ಕಡೆ ಆ 48 ಅಂಕಿಯ ಕೀ ಕೂಡ ಬೇಕಾಯಿತು.

ಹಾಗಾಗಿ ರಿಕವರಿ ಕೀಗಳು, ಅನ್‌ಇನ್‌ಸ್ಟಾಲ್ ಟೋಕನ್‌ಗಳು, ಲ್ಯಾಪ್ಸ್ ಪಾಸ್‌ವರ್ಡ್‌ಗಳು ಇರುವ ಸರ್ವರ್ ಕೂಡ ಅದೇ ಏಜೆಂಟ್ ಇರುವ ವಿಂಡೋಸ್ ಆಗಿದ್ದರೆ, ಅವುಗಳ ಎನ್‌ಕ್ರಿಪ್ಟ್ ಮಾಡಿದ ಪ್ರತಿಯೊಂದನ್ನು ಬೇರೆ ಕಡೆ ಇಡಿ. ಅದನ್ನು ಇಬ್ಬರು ತೆರೆಯುವ ಹಾಗಿರಲಿ. ಒಬ್ಬರು ರಜೆಯಲ್ಲಿದ್ದರೆ ಕೆಲಸ ನಿಲ್ಲಬಾರದು. ಅಪ್‌ಡೇಟ್‌ಗಳನ್ನು ಮೊದಲು ಸಣ್ಣ ಗುಂಪಿಗೆ ಕೊಟ್ಟು, ಸರಿ ಇದೆ ಅಂತ ಕಂಡ ಮೇಲೆ ಉಳಿದವರಿಗೆ ಬಿಡುವ ಸೌಲಭ್ಯ ನಿಮ್ಮ ಸಾಫ್ಟ್‌ವೇರ್‌ನಲ್ಲಿದ್ದರೆ ಬಳಸಿ. ತೊಂದರೆ ಹುಡುಕೋಕೆ ರಕ್ಷಣೆ ಸಡಿಲಿಸಬೇಕಾದಾಗ ಡಿಫೆಂಡರ್‌ನ 'ಟ್ರಬಲ್‌ಶೂಟಿಂಗ್ ಮೋಡ್' ಥರದ್ದು ಒಳ್ಳೇದು. ಕನ್ಸೋಲ್‌ನಿಂದ ಒಂದೇ ಕಂಪ್ಯೂಟರ್‌ಗೆ ಕೊಡುತ್ತೀರಿ, ಕೆಲವು ಗಂಟೆ ಆದ ಮೇಲೆ ಅದು ತಾನಾಗೇ ಮುಗಿದು ಹಳೇ ಸೆಟ್ಟಿಂಗ್ಸ್ ವಾಪಸ್ ಬರುತ್ತದೆ. ಬೇರೆ ಸಾಫ್ಟ್‌ವೇರ್‌ನಲ್ಲಿ ಕೈಯಿಂದ ಆಫ್ ಮಾಡಿದ್ದರೆ, ಟಿಕೆಟ್ ಮುಚ್ಚುವ ಮೊದಲು ಅದು ಮತ್ತೆ ಆನ್ ಆಗಿದೆಯಾ ಅಂತ ಕನ್ಸೋಲ್‌ನಲ್ಲಿ ನೋಡಿ, ಅದನ್ನೂ ಟಿಕೆಟ್‌ನಲ್ಲಿ ಬರೆಯಿರಿ.